ಇನಾಮಿಯ ಉಳಿಗೆ ಕೆಲಸ ಕೊಟ್ಟವರು ಯಾರು?

ಜಪಾನಿನ ತೊಯಾಮಾ ಪ್ರಾಂತ್ಯದ ಇನಾಮಿ ಒಂದು ಚಿಕ್ಕ ಊರು. 2004ರಿಂದ ನಾಂತೊ ನಗರದ ಭಾಗ. ಅಲ್ಲಿ ಸುಮಾರು 200 ಮಂದಿ ಮರದ ಕೆತ್ತನೆಯಿಂದಲೇ ಬದುಕುತ್ತಾರೆ. ಕಸುಬು ಚೆನ್ನಾಗಿ ಗೊತ್ತಿದೆ, ಕೊಳ್ಳುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಹೀಗೇಕಾಯಿತು ಅಂತ ತಿಳಿಯಲು ಊರಿನ ದೇವಾಲಯದಿಂದಲೇ ಶುರು ಮಾಡಬೇಕು.

ಜುಯಿಸೆಂಜಿ ಎಂಬ ಬೌದ್ಧ ದೇವಾಲಯ ಇಲ್ಲಿ ಕಟ್ಟಿದ್ದು 1390ರಲ್ಲಿ. ಅದು ಮತ್ತೆ ಮತ್ತೆ ಸುಟ್ಟುಹೋಯಿತು. 1760ರ ದಶಕದ ಬೆಂಕಿಯ ನಂತರ ಮತ್ತೆ ಕಟ್ಟುವಾಗ ಕ್ಯೋಟೊದ ಮೂಲ ಮಠ ಮಾಯೆಕಾವಾ ಸಾನ್ಶಿರೊ ಎಂಬ ಶಿಲ್ಪಿಯನ್ನು ಕಳಿಸಿತು. ಊರಿನ ನಾಲ್ವರು ಬಡಗಿಗಳು ಅವರ ಕೈಕೆಳಗೆ ಕೆತ್ತನೆ ಕಲಿತರು. ಮನೆ ಕಟ್ಟುವ ಬಡಗಿಗಳು ಶಿಲ್ಪಿಗಳಾದದ್ದು ಹೀಗೆ. ಅವರಲ್ಲಿ ಒಬ್ಬರಾದ ಶಿಚಿಜಾಯೆಮೊನ್ 1792ರಲ್ಲಿ ಕೆತ್ತಿದ ಸಿಂಹ ಇಂದಿಗೂ ದೇವಾಲಯದ ದ್ವಾರದಲ್ಲಿದೆ. ಸಿಂಹ ತನ್ನ ಮರಿಯನ್ನು ಕಮರಿಗೆ ತಳ್ಳಿ, ಹತ್ತಿ ಬಂದದ್ದನ್ನು ಮಾತ್ರ ಸಾಕುತ್ತದೆ ಎಂಬ ಹಳೇ ಕಥೆಯನ್ನು ಅದರಲ್ಲಿ ಕೆತ್ತಿದ್ದಾರೆ.

ಆದರೆ ದೇವಾಲಯದ ಕೆಲಸ ವರ್ಷಪೂರ್ತಿ ಇರುವುದಿಲ್ಲ ಅಲ್ವಾ? ಮೇಜಿ ಚಕ್ರವರ್ತಿಯ ಕಾಲದಿಂದ (1868–1912) ಕೆತ್ತನೆಯವರು ಮನೆಗಳ ಕಡೆ ತಿರುಗಿದರು. ಅಲ್ಲಿ ಅವರ ಕೈಹಿಡಿದದ್ದು ರಾನ್ಮಾ.

ಎರಡು ಕೋಣೆಗಳ ನಡುವೆ ಜಾರುಬಾಗಿಲು ಇರುತ್ತದೆ. ಅದರ ಮೇಲೆ ಸೂರಿನವರೆಗಿನ ಜಾಗಕ್ಕೆ ಕೂರಿಸುವ ಜಾಲಂದ್ರದ ಹಲಗೆಯೇ ರಾನ್ಮಾ. ಗಾಳಿ, ಬೆಳಕು ದಾಟಬೇಕು, ಕಣ್ಣಿಗೂ ಚೆಂದ ಕಾಣಬೇಕು. ಕರ್ಪೂರದ ಮರದ ದಪ್ಪ ಹಲಗೆಯ ಮೇಲೆ ಚಿತ್ರ ಬರೆದು, ಬೇಡದ ಭಾಗವನ್ನು ಗರಗಸದಿಂದ ಕೊಯ್ದು ತೆಗೆಯುತ್ತಾರೆ. ಆಮೇಲೆ ಉಳಿಯ ಕೆಲಸ. ಎರಡೂ ಕೋಣೆಗಳಿಂದ ನೋಡುವವರಿರುತ್ತಾರೆ, ಹಾಗಾಗಿ ಎರಡೂ ಬದಿ ಕೆತ್ತಬೇಕು. ಕೊಕ್ಕರೆಯ ರೆಕ್ಕೆಯಾಗಲಿ ಪೈನ್ ಮರದ ಸೂಜಿ ಎಲೆಯಾಗಲಿ, ಕೊನೆಯ ನಯ ಅಲಗಿನಿಂದಲೇ ಬರಬೇಕು. ಒಬ್ಬೊಬ್ಬರ ಹತ್ತಿರ 200ಕ್ಕೂ ಹೆಚ್ಚು ಉಳಿಗಳಿರುವುದು ಸುಮ್ನೆ ಅಲ್ಲ.

ಎರಡನೇ ಮಹಾಯುದ್ಧದ ನಂತರ ದೇಶದಲ್ಲಿ ಹಣ ಓಡಾಡಿತು, ಹೊಸ ಮನೆಗಳು ಎದ್ದವು, ರಾನ್ಮಾಗೆ ಬೇಡಿಕೆ ಜಾಸ್ತಿಯಾಯಿತು. 1975ರಲ್ಲಿ ಸರ್ಕಾರ ಇನಾಮಿ ಕೆತ್ತನೆಯನ್ನು ಸಾಂಪ್ರದಾಯಿಕ ಕರಕುಶಲ ಅಂತ ಗುರುತಿಸಿತು. ಆದರೆ ಬರಬರುತ್ತಾ ಮನೆಯ ನಕ್ಷೆಯೇ ಬದಲಾಯಿತು. ಫ್ಲಾಟುಗಳು ಬಂದವು, ಚಾಪೆ ಹಾಸಿನ ಕೋಣೆ ಕಡಿಮೆಯಾಯಿತು. ಜಾರುಬಾಗಿಲೇ ಇಲ್ಲದ ಮೇಲೆ ರಾನ್ಮಾ ಎಲ್ಲಿ ಕೂರಿಸುವುದು?

ಇದಕ್ಕೆ ಯಾರನ್ನೂ ದೂರಲಾಗದು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿರುದು, ಮನ್ನಣೆಯಿಂದ ಕಸುಬು ಉಳಿಯುವುದಿಲ್ಲ. ಕೈಗೆ ದಿನಾ ಕೆಲಸ ಬೇಕು. 1945ರ ಬಾಂಬ್ ದಾಳಿಯಲ್ಲಿ ಸುಟ್ಟ ನಗೋಯಾ ಕೋಟೆಯ ಹೊನ್ಮಾರು ಅರಮನೆಯನ್ನು ಮತ್ತೆ ಕಟ್ಟಿ 2018ರಲ್ಲಿ ಮುಗಿಸಿದರು. ಅಲ್ಲಿನ ಬಣ್ಣಬಣ್ಣದ ರಾನ್ಮಾಗಳನ್ನು ಕೆತ್ತಿದವರು ಇನಾಮಿಯವರು. ಮನೆಮನೆಯ ರಾನ್ಮಾ ಕೆತ್ತಿ ಪಳಗಿದ ಕೈಗಳು ಊರಲ್ಲಿ ಇದ್ದದ್ದಕ್ಕೇ ಅದು ಸಾಧ್ಯವಾಯಿತು.

ಈಗ ಊರಿನವರು ದಾರಿ ಹುಡುಕುತ್ತಿದ್ದಾರೆ. ಹಬ್ಬದ ಸಿಂಹಮುಖ, ಗಿಟಾರ್, ಸಣ್ಣ ವಿಗ್ರಹ, ಎಲ್ಲ ಕೆತ್ತುತ್ತಾರೆ. ತೊಯಾಮಾದಲ್ಲಿ ಚೊಚ್ಚಲ ಗಂಡು ಮಗು ಹುಟ್ಟಿದರೆ ವಿದ್ಯೆಯ ದೇವರು ತೆಂಜಿನ್‌ನ ಮೂರ್ತಿ ಕೊಡುವ ಪದ್ಧತಿಯಿದೆ, ಆ ಆರ್ಡರ್ ಇನ್ನೂ ಬರುತ್ತದೆ. 1991ರಿಂದ ನಾಲ್ಕು ವರ್ಷಕ್ಕೊಮ್ಮೆ ಬೇರೆ ದೇಶದ ಶಿಲ್ಪಿಗಳೂ ಇಲ್ಲಿಗೆ ಬಂದು ಮರ ಕೆತ್ತುತ್ತಾರೆ. ದೇವಾಲಯದ ಎದುರಿನ ಯೋಕಾಮಾಚಿ ಬೀದಿಯಲ್ಲಿ ಕಾರ್ಯಾಗಾರಗಳು ರಸ್ತೆಗೆ ತೆರೆದೇ ಇವೆ. ಕಲಿಯಲು ಬಂದವರು ಐದು ವರ್ಷ ಗುರುವಿನ ಜೊತೆ ಕೂರುತ್ತಾರೆ.