ಮಿರಗದ ಮಳೆಗೆ ನೂರರ ವೇಗ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಅಲ್ಲಿಂದ ಚೋರ್ಲಾ ಘಾಟಿನತ್ತ ಗಾಡಿ ಓಡಿಸುವವರಿಗೆ ಒದ್ದೆ ರಸ್ತೆ ರೂಢಿಯಾಗಿಬಿಟ್ಟಿದೆ. ವಿಜಯಪುರ, ಬಾಗಲಕೋಟೆಯ ಕಡೆ ಹಾಗಿಲ್ಲ. ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸು. ಅದೂ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಎಷ್ಟೋ ಸಲ ವಾರಗಟ್ಟಲೆ ಬಿಸಿಲು. ಹೀಗಾಗಿ ಒದ್ದೆ ರಸ್ತೆಯ ಗಂಡಾಂತರವೆಲ್ಲ ಘಟ್ಟದವರಿಗೆ, ನಮ್ಮ ನೆಟ್ಟನೆಯ ಬಯಲು ರಸ್ತೆಯಲ್ಲಿ ಏನಾದೀತು ಎಂಬ ಧೈರ್ಯ ಇಲ್ಲಿಯವರದು. ಆ ಧೈರ್ಯಕ್ಕೆ ಬುಡವಿಲ್ಲ. ಘಟ್ಟದ ತಿರುವುಗಳ ಮಾತು ಬೇರೆ. ನೇರ ರಸ್ತೆಯ ಮಟ್ಟಿಗೆ ಹೇಳುವುದಾದರೆ, ಬಹಳ ದಿನ ಒಣಗಿ ಬಿದ್ದಿದ್ದ ಡಾಂಬರಿನ ಮೇಲೆ ಸುರಿಯುವ ಮೊದಲ ಮಳೆಯನ್ನೇ ಹೆಚ್ಚು ನಂಬಬಾರದು.

ಮೊದಲು ರಬ್ಬರಿನ ವಿಚಾರ. ಡಾಂಬರಿನಿಂದ ತಲೆ ಎತ್ತಿರುವ ಜಲ್ಲಿಕಲ್ಲಿನ ಮೈ ಮುಟ್ಟಿ ನೋಡಿದರೆ ತರಿತರಿ. ಆ ತರಿಯೊಳಗೆ ಬೆರಳಿಗೂ ಕಣ್ಣಿಗೂ ಸಿಗದಷ್ಟು ಸಣ್ಣ ಮೊನೆಗಳು, ತಗ್ಗುಗಳು ಇವೆ. ಗಾಡಿಯ ಭಾರಕ್ಕೆ ಟೈರಿನ ರಬ್ಬರು ಆ ತಗ್ಗುಗಳಿಗೆ ಇಳಿಯುತ್ತದೆ, ಮುಂದೆ ಸರಿಯುವಾಗ ಮತ್ತೆ ಮೇಲೇಳುತ್ತದೆ. ಹೀಗೆ ಕುಗ್ಗಿ ಹಿಗ್ಗುವುದರಲ್ಲಿ ಶಕ್ತಿ ಖರ್ಚಾಗುತ್ತದೆ. ಬ್ರೇಕ್ ಹಾಕಿದಾಗ ಗಾಡಿಯನ್ನು ಹಿಡಿದು ನಿಲ್ಲಿಸುವುದರಲ್ಲಿ ಈ ಖರ್ಚಿನ ಪಾಲು ದೊಡ್ಡದು. ತಗ್ಗಿನಲ್ಲಿ ನೀರು ನಿಂತಿದ್ದರೆ ರಬ್ಬರು ಅದರ ಬಾಯಿ ಮುಚ್ಚಿಬಿಡುತ್ತದೆ. ಒಳಗಿನ ನೀರು ಹೊರಬರಲಾರದು, ರಬ್ಬರು ಒಳಗಿಳಿಯಲಾರದು. ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದ ಬೋ ಪರ್ಸನ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ವಿವರಿಸಿದರು. ನಿಧಾನವಾಗಿ ಹೋಗುವಾಗಲೂ ಬರೀ ತೇವದಿಂದಲೇ ರಸ್ತೆಯ ಘರ್ಷಣೆ ಶೇ. 20ರಿಂದ 30ರಷ್ಟು ಇಳಿಯಬಹುದು ಎನ್ನುವುದಕ್ಕೆ ಕಾರಣ ಇದೇ.

ಇದು ಶುದ್ಧ ನೀರಿನ ಕತೆ. ಮಿರಗ, ಅಂದರೆ ಮೃಗಶಿರಾ ಮಳೆ, ಹಿಡಿಯುವ ಹೊತ್ತಿಗೆ ನಮ್ಮ ರಸ್ತೆಯ ಮೇಲೆ ಶುದ್ಧ ನೀರು ಎಲ್ಲಿಂದ ಬರಬೇಕು? ಬೇಸಿಗೆಯುದ್ದಕ್ಕೂ ಸೋರಿದ ಎಂಜಿನ್ ಎಣ್ಣೆ, ಡೀಸೆಲ್, ಸವೆದ ಟೈರಿನ ಪುಡಿ, ಗಾಳಿ ತಂದು ಸುರಿದ ಧೂಳು ಎಲ್ಲವೂ ಆ ತಗ್ಗುಗಳಲ್ಲೇ ಕೂತಿರುತ್ತವೆ. ಮೊದಲ ಹನಿಗಳು ಇವನ್ನು ಕಲಸಿ ತೆಳುವಾದ ರಾಡಿ ಮಾಡುತ್ತವೆ. ರಾಡಿ ನೀರಿಗಿಂತ ಮಂದ, ಟೈರಿನಡಿಯಿಂದ ಬೇಗ ಸರಿಯುವುದಿಲ್ಲ. ಮಳೆ ಜೋರಾಗಿ ಹೊಡೆದರೆ ತೊಳೆದುಹೋಗುತ್ತದೆ. ನಾಲ್ಕು ಹನಿ ಉದುರಿಸಿ ನಿಂತರೆ ಹಾಗೆಯೇ ಉಳಿಯುತ್ತದೆ. ಡೇನಿಯಲ್ ಐಸೆನ್‌ಬರ್ಗ್ ಎಂಬ ಸಂಶೋಧಕರು ಅಮೆರಿಕದ 1975ರಿಂದ 2000ದವರೆಗಿನ ಅಪಘಾತ ಮತ್ತು ಮಳೆಯ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಹಿಂದಿನ ಮಳೆ ಬಿದ್ದು ಹೆಚ್ಚು ದಿನವಾದಷ್ಟೂ ಇಂದಿನ ಮಳೆಯ ಅಪಾಯ ಹೆಚ್ಚುವುದು ಕಂಡುಬಂದಿತು. ರಸ್ತೆಯ ಎಣ್ಣೆಯಷ್ಟೇ ಅಲ್ಲ, ಓಡಿಸುವವರ ಮರೆವೂ ಇದಕ್ಕೆ ಸೇರಿರಬೇಕು ಎನ್ನುವುದು ನನ್ನ ಗುಮಾನಿ.

ನಮ್ಮ ಕಡೆ ಇದರ ಜೊತೆಗೆ ಎರೆಮಣ್ಣಿದೆ. ಎರೆಯಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ, ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಪದರಗಳು ಒಂದರ ಮೇಲೊಂದು ಕೂತು ಆದದ್ದು. ನೀರು ಆ ಪದರಗಳ ನಡುವೆಯೇ ನುಗ್ಗಿ ಅವನ್ನು ಬಿಡಿಸುತ್ತದೆ; ಆಮೇಲೆ ಅವು ಜಾರುವುದಕ್ಕೆ ಅಡ್ಡಿ ಕಡಿಮೆ. ಹಸಿ ಎರೆಯಲ್ಲಿ ಕಾಲಿಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದಿಂದ ರಸ್ತೆಗೆ ಏರಿದ ಟ್ರ್ಯಾಕ್ಟರ್ ಗಾಲಿಯ ಸಂದಿನಲ್ಲಿ ಹಿಡಿದ ಮಣ್ಣನ್ನು ಉದ್ದಕ್ಕೂ ಉದುರಿಸುತ್ತ ಹೋಗುತ್ತದೆ. ಅದು ಒಣಗಿ, ಗಾಡಿಗಳ ಕೆಳಗೆ ಪುಡಿಯಾಗಿ, ಹಿಂಗಾರಿನ ಒಂದು ಸಣ್ಣ ಮಳೆಗೆ ಮತ್ತೆ ಕೆಸರಾಗುತ್ತದೆ. ಮುಧೋಳ, ಜಮಖಂಡಿ, ಗೋಕಾಕ, ಅಥಣಿಯ ಕಡೆ ಕಬ್ಬಿನ ಹಂಗಾಮು ಶುರುವಾಗುವುದೂ ಹಿಂಗಾರು ಪೂರ್ತಿ ಮುಗಿಯದ ಆ ದಿನಗಳಲ್ಲೇ. ಹೊಲದ ದಾರಿ ಬಂದು ಡಾಂಬರಿಗೆ ಕೂಡುವ ಜಾಗಗಳನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಇನ್ನು ವೇಗದ ಲೆಕ್ಕ. ಒಣ ಡಾಂಬರಿನ ಘರ್ಷಣಾಂಕವನ್ನು, ಅಂದರೆ ಹಿಡಿತದ ಅಳತೆಯನ್ನು, ಸುಮಾರು 0.7, ಒದ್ದೆಯದನ್ನು 0.4 ಎಂದು ಹಿಡಿದರೆ, ಗಂಟೆಗೆ 80 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ 36 ಮೀಟರಿಗೆ ನಿಲ್ಲುತ್ತದೆ, ಒದ್ದೆಯಲ್ಲಿ 63 ಮೀಟರ್ ಬೇಕು. ಇಪ್ಪತ್ತೇಳು ಮೀಟರ್ ತಾನೇ ಎನ್ನಬಹುದು. ಅದನ್ನೇ ಇನ್ನೊಂದು ರೀತಿಯಲ್ಲಿ ನೋಡಿ. ಬಾಗಲಕೋಟೆ ಬಳಿಯ ಗದ್ದನಕೇರಿ ಕ್ರಾಸಿನಲ್ಲಿ ಒಂದು ಲಾರಿ ಅಡ್ಡ ಬಂದಿತು ಎನ್ನೋಣ. ಒಣ ರಸ್ತೆಯಲ್ಲಿ ಕಾರು ಲಾರಿಗೆ ತಾಗುವಷ್ಟರಲ್ಲಿ ನಿಂತಿತು. ಅದೇ ದೂರ, ಅದೇ ವೇಗ, ಅದೇ ಕಾಲು. ರಸ್ತೆ ಮಾತ್ರ ಒದ್ದೆ. ಆಗ ಲಾರಿಯ ಬಳಿ ಬಂದಾಗ ಕಾರಿನ ವೇಗ ಇನ್ನೂ 52 ಕಿ.ಮೀ. ಇರುತ್ತದೆ. ಬ್ರೇಕಿಗೆ ಎಬಿಎಸ್ ವ್ಯವಸ್ಥೆ ಇದ್ದರೆ ಗಾಲಿ ಕಚ್ಚಿಕೊಳ್ಳದೆ ಸ್ಟೇರಿಂಗ್ ಮಾತು ಕೇಳುತ್ತದೆ, ನಿಜ. ಆದರೆ ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

ರಸ್ತೆ ವಿನ್ಯಾಸ ಮಾಡುವವರಿಗೆ ಇದು ಗೊತ್ತು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಲ್ಲಿ 100 ಕಿ.ಮೀ. ವೇಗಕ್ಕೆ ಹಿಡಿದಿರುವ ಘರ್ಷಣಾಂಕ 0.35, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಕೊಟ್ಟಿರುವ ಸಮಯ 2.5 ಸೆಕೆಂಡು, ಮುಂದೆ ಕಾಣುತ್ತಿರಬೇಕಾದ ದೂರ 180 ಮೀಟರ್. ಅಂದರೆ ರಸ್ತೆ ಒದ್ದೆಯಾಗಿದೆ ಎಂದುಕೊಂಡೇ ಅವರು ನಕ್ಷೆ ಬರೆದಿದ್ದಾರೆ. ಒಣಗಿದೆ ಎಂದುಕೊಂಡು ಓಡಿಸುವವರು ನಾವು.

ಇಷ್ಟು ಹೊತ್ತು ಟೈರು ರಸ್ತೆಯನ್ನು ಮುಟ್ಟಿಕೊಂಡಿತ್ತು. ಮುಟ್ಟದೇ ಹೋಗುವ ಸ್ಥಿತಿಯೂ ಉಂಟು, ಅದು ಹೈಡ್ರೋಪ್ಲೇನಿಂಗ್. ಭಾರದ ಲಾರಿಗಳು ಓಡಾಡಿದ ರಸ್ತೆಯಲ್ಲಿ ಗಾಲಿಯ ಜಾಡು ತಗ್ಗಾಗಿ ಅಲ್ಲಿ ನೀರು ನಿಲ್ಲುತ್ತದೆ. ಮೂರು ಮಿಲಿಮೀಟರ್ ನೀರು ನಿಂತಿದೆ ಎನ್ನಿ. ಹದಿನೆಂಟೂವರೆ ಸೆಂಟಿಮೀಟರ್ ಅಗಲದ ಟೈರು 80 ಕಿ.ಮೀ. ವೇಗದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 12 ಲೀಟರ್ ನೀರನ್ನು ಬದಿಗೆ ತಳ್ಳಬೇಕು. ಒಂದೊಂದು ಗಾಲಿಯೂ ಸೆಕೆಂಡಿಗೊಂದು ಕೊಡ ನೀರು ಚೆಲ್ಲಿದ ಹಾಗೆ. ಆ ನೀರಿಗೆ ದಾರಿ ಟೈರಿನ ಮೇಲೆ ಕೊರೆದ ಕಾಲುವೆಗಳು. ಹೊಸ ಕಾರ್ ಟೈರಿನಲ್ಲಿ ಅವುಗಳ ಆಳ 8 ಮಿಲಿಮೀಟರಿನಷ್ಟು, 1.6 ಮಿಲಿಮೀಟರಿಗೆ ಇಳಿದರೆ ಕಾಲುವೆಯ ತಳದಲ್ಲಿರುವ ಸಣ್ಣ ಉಬ್ಬುಗಳು ಮೇಲ್ಮೈಗೆ ಸಮವಾಗುತ್ತವೆ, ಟೈರು ಬದಲಿಸುವ ಕಾಲ ಬಂದಿತು ಎಂದು ಅದರ ಅರ್ಥ. ದಾರಿ ಸಾಲದಾದಾಗ ನೀರು ಟೈರಿನ ಮುಂದೆ ಒತ್ತರಿಸಿ, ಅಡಿಗೆ ನುಗ್ಗಿ, ಗಾಲಿಯನ್ನು ಎತ್ತಿಬಿಡುತ್ತದೆ.

ಎಷ್ಟು ವೇಗಕ್ಕೆ? ನಾಸಾದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ವಿಮಾನದ ಟೈರುಗಳನ್ನು ಪರೀಕ್ಷಿಸುತ್ತ 1963ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಸವೆದ ಟೈರು, ಇಲ್ಲವೆ ಕಾಲುವೆಯ ಆಳ ಮೀರಿದ ನೀರು ಇದ್ದಾಗ ತೇಲುವ ವೇಗ ಟೈರಿನೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. 32 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ, ರೂಢಿಯಲ್ಲಿ ಪಾಯಿಂಟ್) ಗಾಳಿ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ.; 24 ಇದ್ದರೆ 82. ಸೂತ್ರದಲ್ಲಿ ಗಾಡಿಯ ತೂಕವೇ ಇಲ್ಲ! ತೂಕ ಹೆಚ್ಚಿದರೆ ಟೈರು ಇನ್ನಷ್ಟು ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿಯುತ್ತದೆ, ಆದರೆ ನೆಲವನ್ನು ಅದು ಒತ್ತುವ ಬಲ ಪ್ರತಿ ಚದರ ಅಂಗುಲಕ್ಕೆ ಹೆಚ್ಚುಕಡಿಮೆ ಒಳಗಿನ ಗಾಳಿಯಷ್ಟೇ ಉಳಿಯುತ್ತದೆ. ಭಾರದ ಕಾರು ತೇಲುವುದಿಲ್ಲ ಎಂಬ ನಂಬಿಕೆ ಇಲ್ಲಿಗೆ ಮುಗಿಯಿತು.

ನಮ್ಮ ಬೇಸಿಗೆಗೂ ಈ ಸೂತ್ರಕ್ಕೂ ನಂಟಿದೆ. ಟೈರು ಒಡೆದೀತೆಂಬ ಭಯಕ್ಕೆ ಮೇ ತಿಂಗಳಲ್ಲಿ ಎರಡು ಮೂರು ಪಾಯಿಂಟ್ ಗಾಳಿ ಕಡಿಮೆ ಹಾಕಿಸುವವರಿದ್ದಾರೆ. ಸಾಲದ್ದಕ್ಕೆ, 42 ಡಿಗ್ರಿ ಬಿಸಿಲಿನಲ್ಲಿ 32 ತೋರಿಸಿದ ಟೈರು ಮಳೆ ಬಿದ್ದು 24 ಡಿಗ್ರಿಗೆ ತಂಪಾದ ಸಂಜೆ ತಾನಾಗಿಯೇ ಎರಡೂವರೆ ಪಾಯಿಂಟಿಗಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಗಾಳಿ ಇಳಿದಿರುವುದೂ ರಸ್ತೆ ಒದ್ದೆಯಾಗುವುದೂ ಒಂದೇ ಸಂಜೆ. ತೇಲಿದ ಗಾಡಿಯ ಸ್ಟೇರಿಂಗ್ ಕೈಯಲ್ಲಿ ಒಮ್ಮೆಲೇ ಹಗುರವಾಗುತ್ತದೆ. ಆಗ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ತಿರುಗಿಸಬಾರದು; ಆ್ಯಕ್ಸಿಲರೇಟರಿನಿಂದ ಕಾಲು ತೆಗೆದು ನೇರವಾಗಿ ಹಿಡಿದರೆ ವೇಗ ಇಳಿದಂತೆ ಟೈರು ಮತ್ತೆ ನೆಲ ಮುಟ್ಟುತ್ತದೆ.

ಬೈಕಿನ ಟೈರು ಕಿರಿದು, ದುಂಡು, ತೇಲುವುದು ಅಪರೂಪ. ಅದಕ್ಕೆ ಅಪಾಯ ಬಳಿದ ಬಿಳಿ ಪಟ್ಟೆಯಲ್ಲಿ, ಸೇತುವೆಯ ಕೂಡುಗಳ ಕಬ್ಬಿಣದಲ್ಲಿ, ಮುಂಗಾಲಿ ಕಚ್ಚಿಕೊಳ್ಳುವುದರಲ್ಲಿ. 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾದದ್ದು 125 ಸಿಸಿ ಮೀರಿದ ಬೈಕುಗಳಿಗೆ, ಆದರೆ ಹಳ್ಳಿಯ ರಸ್ತೆಗಳಲ್ಲಿ ಹೆಚ್ಚಾಗಿ ಓಡುವುದು ಅದಕ್ಕಿಂತ ಚಿಕ್ಕವು.

ರಾತ್ರಿಯ ಮಾತು ಬೇರೆಯೇ. ಒಣ ರಸ್ತೆ ಹೆಡ್‌ಲೈಟಿನ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ಸ್ವಲ್ಪ ಭಾಗ ನಮ್ಮ ಕಣ್ಣಿಗೆ ಮರಳುತ್ತದೆ. ನೀರಿನ ತೆಳು ಪದರ ಅದನ್ನು ಮುಂದಕ್ಕೇ ಚಿಮ್ಮಿಸುತ್ತದೆ. ಎದುರಿನವನ ಕಣ್ಣು ಕೋರೈಸುತ್ತದೆ, ನಮಗೆ ರಸ್ತೆ ಕಪ್ಪಾಗಿ ಕಾಣುತ್ತದೆ. ಆ ಕಪ್ಪಿನಲ್ಲಿ ಹಿಂದೀಪವಿಲ್ಲದ, ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಆಮೆಗತಿಯಲ್ಲಿ ಹೋಗುತ್ತಿರುತ್ತದೆ. ಪ್ರತಿಫಲಕ ಪಟ್ಟಿ ಅಂಟಿಸಲು ಆಗುವ ಖರ್ಚು ಒಂದು ಊಟದಷ್ಟೂ ಇರಲಿಕ್ಕಿಲ್ಲ, ಆದರೂ ಅಂಟಿಸದವರು ಎಷ್ಟೋ. ಡಿಪ್ ಮಾಡಿದ ದೀಪ ತೋರಿಸುವುದು ಸುಮಾರು 50 ಮೀಟರ್. ಎಚ್ಚೆತ್ತುಕೊಳ್ಳುವ ಒಂದೂವರೆ ಸೆಕೆಂಡನ್ನೂ ಸೇರಿಸಿದರೆ ಒದ್ದೆ ರಸ್ತೆಯಲ್ಲಿ 50 ಕಿ.ಮೀ. ವೇಗದ ಕಾರು 45 ಮೀಟರಿನಲ್ಲಿ ನಿಲ್ಲುತ್ತದೆ, 60ರದ್ದು 60 ಮೀಟರಿನಲ್ಲಿ, 80ರದ್ದು 96 ಮೀಟರಿನಲ್ಲಿ.