ಟ್ಯಾಂಕಿನ ನೀರೇ ಸ್ವಿಚ್ಚು

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ತುಂಡು ತಾಮ್ರದ ತಂತಿ ಇದೆ. ಅದರ ತುದಿ ಸೂಜಿಯ ಹಾಗೆ ಚೂಪಾಗಿದೆ, ಮೈಮೇಲೆ ಹಸಿರು ಪುಡಿ. ಅದನ್ನು ಯಾರೂ ಉಜ್ಜಿ ಚೂಪು ಮಾಡಿದ್ದಲ್ಲ. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿದ್ದಾಗ ಎರಡೇ ವಾರದಲ್ಲಿ ಸವೆದು ಹೀಗಾಯಿತು. ನೀರಿನ ಮಟ್ಟ ತೋರಿಸುವ ಪುಟ್ಟ ಸರ್ಕ್ಯೂಟ್ ಮಾಡಿದ್ದೆ. ನಾಲ್ಕು ಎಲ್‌ಇಡಿ ಚೆನ್ನಾಗಿಯೇ ಉರಿಯುತ್ತಿದ್ದವು. ಒಂದು ದಿನ ಟ್ಯಾಂಕ್ ತುಂಬಿದ್ದರೂ ಎಲ್ಲವೂ ಆರಿ ಹೋದವು.

ಈ ಸರ್ಕ್ಯೂಟಿನ ಒಳಗುಟ್ಟು ಸರಳ. ನೀರು ಕರೆಂಟನ್ನು ಹರಿಯಲು ಬಿಡುತ್ತದೆ, ಗಾಳಿ ಬಿಡುವುದಿಲ್ಲ. ಅಂದಹಾಗೆ, ಅಪ್ಪಟ ಶುದ್ಧ ನೀರು ಕರೆಂಟನ್ನು ಬಿಡುವುದು ಬಹಳ ಕಮ್ಮಿ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಶುದ್ಧ ನೀರಿನ ತಡೆ ಸುಮಾರು 1.8 ಕೋಟಿ ಓಮ್. ಬೋರ್‌ವೆಲ್ ನೀರಿನದು ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್ ಅಷ್ಟೇ. ನೆಲದೊಳಗಿನ ಕಲ್ಲು ಮಣ್ಣಿನಿಂದ ಕರಗಿ ಬಂದ ಲವಣಗಳೇ ಅದಕ್ಕೆ ಕಾರಣ. ಪಾತ್ರೆಯಲ್ಲಿ ಬಿಳಿ ಕಲೆ ಬಿಡುತ್ತದಲ್ವಾ, ಅದೇ ಲವಣಗಳು.

ಹಾಗಿದ್ದರೆ ಎಲ್‌ಇಡಿಯ ಕರೆಂಟನ್ನು ನೀರಿನ ಮೂಲಕವೇ ಹರಿಸಬಹುದಲ್ಲ? ಮಂದವಾಗಿ ಉರಿಯುತ್ತದೆ, ನಿಜ. ಆದರೆ ಆಗ ಅಷ್ಟೂ ಕರೆಂಟು ನೀರಿನಲ್ಲಿ ಹಾದು ಹೋಗುತ್ತದೆ, ಅದು ತಂತಿಗೆ ಒಳ್ಳೆಯದಲ್ಲ. ಟ್ರಾನ್ಸಿಸ್ಟರ್ ಎಂಬ ಮೂರು ಕಾಲಿನ ಪುಟ್ಟ ಬಿಡಿಭಾಗ ಬೇಕಾಗುವುದು ಇಲ್ಲಿಯೇ. ಅದರ ಬೇಸ್ ಕಾಲಿಗೆ ಒಂದು ಚೂರು ಕರೆಂಟು ಕೊಟ್ಟರೆ, ಕಲೆಕ್ಟರ್ ಕಾಲಿನಿಂದ ಎಮಿಟರ್ ಕಾಲಿಗೆ ಅದರ ಇನ್ನೂರರಷ್ಟು ಹರಿಯಲು ದಾರಿ ಬಿಡುತ್ತದೆ. ನೀರಿನದು ಬರೀ ಸನ್ನೆ ಮಾಡುವ ಕೆಲಸ. ದೀಪ ಉರಿಸುವ ಕರೆಂಟು ನೀರಿಗೆ ಇಳಿಯದೆ ಬ್ಯಾಟರಿಯಿಂದ ನೇರವಾಗಿ ಬರುತ್ತದೆ.

ಬೇಕಾದ ಸಾಮಾನು ಕಡಿಮೆ. ನಾಲ್ಕು ಬಿಸಿ547ಬಿ ಟ್ರಾನ್ಸಿಸ್ಟರ್, ನಾಲ್ಕು ಎಲ್‌ಇಡಿ, 470 ಓಮಿನ ನಾಲ್ಕು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ), 100 ಕಿಲೋಓಮಿನ ನಾಲ್ಕು, 9 ವೋಲ್ಟ್ ಬ್ಯಾಟರಿ, ಒಂದು ಸ್ವಿಚ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲುಗಳು ಕೆಳಕ್ಕೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬ್ಯಾಟರಿಯ ಪ್ಲಸ್‌ನಿಂದ ಒಂದು ತಂತಿ ಟ್ಯಾಂಕಿನ ತಳಕ್ಕೆ ಇಳಿಯಲಿ. ಇನ್ನು ನಾಲ್ಕು ತಂತಿಗಳು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಮಟ್ಟದಲ್ಲಿ ನಿಲ್ಲಲಿ. ಈ ಒಂದೊಂದು ತಂತಿಯೂ 100 ಕಿಲೋಓಮ್ ದಾಟಿ ಒಂದೊಂದು ಬೇಸ್‌ಗೆ ಸೇರಬೇಕು. ಎಮಿಟರ್‌ಗಳೆಲ್ಲ ಮೈನಸ್‌ಗೆ. ಎಲ್‌ಇಡಿಯ ಉದ್ದ ಕಾಲು ಪ್ಲಸ್‌ಗೆ, ಗಿಡ್ಡ ಕಾಲು 470 ಓಮ್ ದಾಟಿ ಕಲೆಕ್ಟರ್‌ಗೆ. ನೀರು ಏರಿ ತಂತಿ ಮುಟ್ಟಿದ ಹಾಗೆ ದೀಪಗಳು ಒಂದೊಂದಾಗಿ ಹತ್ತುತ್ತವೆ. ಮೊದಲ ಸಲ ನೋಡುವಾಗ ತುಂಬಾ ಖುಷಿಯಾಗುತ್ತದೆ.

ನಾನು ಮೊದಲು ಹಾಕಿದ್ದು 100 ಅಲ್ಲ, 10 ಕಿಲೋಓಮ್. ಜೊತೆಗೆ ಸ್ವಿಚ್ ಇಡದೆ ಹಗಲು ರಾತ್ರಿ ಉರಿಯಲು ಬಿಟ್ಟಿದ್ದೆ. ಟ್ಯಾಂಕ್ ತುಂಬಿದಾಗ ನಾಲ್ಕೂ ತಂತಿ ಸೇರಿ ಸುಮಾರು 3 ಮಿಲಿಆಂಪಿಯರ್ ನೀರಿನಲ್ಲಿ ಹರಿಯುತ್ತಿತ್ತು. ಇಷ್ಟೇ ತಾನೇ ಅನ್ನಿಸುತ್ತದೆ. ಆದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು ಪ್ಲಸ್ ತಂತಿಯ ತಾಮ್ರವನ್ನು ಕರಗಿಸಿ ನೀರಿಗೆ ಬಿಡುತ್ತದೆ. ಎಷ್ಟು ಕರೆಂಟು ಹರಿದರೆ ಎಷ್ಟು ಲೋಹ ಕರಗುತ್ತದೆ ಎಂದು ಹೇಳುವ ಫ್ಯಾರಡೆ ನಿಯಮದಂತೆ ಲೆಕ್ಕ ಹಾಕಿದೆ. ಹೆಚ್ಚೆಂದರೆ ದಿನಕ್ಕೆ 85 ಮಿಲಿಗ್ರಾಂ. ಮನೆ ವೈರಿಂಗಿಗೆ ಬಳಸುವ 1 ಚದರ ಮಿಲಿಮೀಟರ್ ತಂತಿಯಲ್ಲಿ ಅದು 9 ಮಿಲಿಮೀಟರ್ ಉದ್ದ! ಡ್ರಾಯರ್‌ನಲ್ಲಿರುವ ತುಂಡು ಹಾಗಾಗಿದ್ದು ಹೀಗೆ.

ಮೇಲಿನ ತಂತಿಗಳದ್ದು ಬೇರೆಯೇ ಕತೆ. ಅವುಗಳ ತುದಿಗೆ ಬಿಳಿ ಸುಣ್ಣ ಕಟ್ಟಿಕೊಂಡಿತ್ತು, ಗೀಸರ್ ಕಾಯಿಲ್ ಮೇಲೆ ಕಟ್ಟುತ್ತದಲ್ಲ ಹಾಗೆ. ನೀರಿನೊಳಗೆ ಈ ತಂತಿಗಳೇ ಮೈನಸ್ ಕಡೆ. ಅಲ್ಲಿ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅಲ್ಲಿನ ನೀರು ಕ್ಷಾರವಾಗಿ ಗಡಸು ನೀರಿನ ಸುಣ್ಣ ಅಲ್ಲೇ ಕೂರುತ್ತದೆ. ಪದರ ದಪ್ಪವಾದರೆ ಕರೆಂಟಿಗೆ ಅಡ್ಡ.

ಹಾಗಾಗಿ ನೀರಿನ ಮೂಲಕ ಎಷ್ಟು ಕಮ್ಮಿ ಕರೆಂಟು ಹರಿಸಿದರೆ ಅಷ್ಟು ಒಳ್ಳೆಯದು. 100 ಕಿಲೋಓಮ್ ಹಾಕಿದರೆ ತಂತಿಗೆ ಸುಮಾರು 80 ಮೈಕ್ರೋಆಂಪಿಯರ್ ಮಾತ್ರ. ಇನ್ನೂರರಿಂದ ಗುಣಿಸಿದರೆ 16 ಮಿಲಿಆಂಪಿಯರ್, ಎಲ್‌ಇಡಿಗೆ ಬೇಕಾದಷ್ಟಾಯಿತು. ಸ್ವಿಚ್ಚನ್ನು ಬ್ಯಾಟರಿಯ ಪ್ಲಸ್‌ಗೇ ಹಾಕಿ, ಮೋಟಾರ್ ಹಾಕುವಾಗ ಮತ್ತು ಮಟ್ಟ ನೋಡಬೇಕಾದಾಗ ಮಾತ್ರ ಆನ್ ಮಾಡಿ. ತಾಮ್ರದ ತುದಿಯನ್ನು ನೀರಿಗೆ ಬಿಡಲೇಬೇಡಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗೆ ಬಿಗಿದು ಆ ಜೋಡಣೆಗೆ ನೀರು ತಾಗದಂತೆ ಮುಚ್ಚಿ.

ಟ್ಯಾಂಕ್ ತುಂಬಿದಾಗ ಸದ್ದು ಮಾಡಬೇಕೆಂದರೆ ಪೂರ್ತಿ ಮಟ್ಟದ ತಂತಿಗೆ ಬಝರ್ ಸೇರಿಸಬಹುದು. ಅದಕ್ಕೆ ಜಾಸ್ತಿ ಕರೆಂಟು ಬೇಕು, ಒಂದು ಟ್ರಾನ್ಸಿಸ್ಟರ್ ಸಾಲದು. ಒಂದರ ಎಮಿಟರನ್ನು ಇನ್ನೊಂದರ ಬೇಸ್‌ಗೆ ಕೊಟ್ಟು, ಎರಡರ ಕಲೆಕ್ಟರ್‌ಗಳನ್ನು ಸೇರಿಸಿ. ಇನ್ನೂರು ಇಂಟು ಇನ್ನೂರು! ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿಡ್ನಿ ಡಾರ್ಲಿಂಗ್ಟನ್ 1953ರಲ್ಲಿ ಕಂಡುಕೊಂಡ ಜೋಡಿ ಇದು.

ತಂತಿಗಳನ್ನು ಪಿವಿಸಿ ಪೈಪಿಗೆ ಕಟ್ಟುವಾಗ ಸ್ಕ್ರೂಗಳು ಪೈಪಿನ ಮೈಗೆ ಅಂಟದೆ ಹೊರಕ್ಕೆ ಚಾಚಿರಲಿ. ಇಲ್ಲದಿದ್ದರೆ ನೀರು ಇಳಿದ ಮೇಲೂ ಪೈಪಿನ ಒದ್ದೆ ಪದರ ಕರೆಂಟನ್ನು ದಾಟಿಸಿ ದೀಪ ಉರಿಯುತ್ತಲೇ ಇರುತ್ತದೆ. ಇನ್ನೊಂದು ಮಾತು, ಇದು ಬ್ಯಾಟರಿಯಲ್ಲಿ ನಡೆಯುವ ಸರ್ಕ್ಯೂಟ್. ಮನೆಯ 230 ವೋಲ್ಟ್ ಲೈನಿನ ಹತ್ತಿರಕ್ಕೂ ಇದನ್ನು ಒಯ್ಯಬೇಡಿ.