ಬೇಟ್‌ಕಾಸ್ಟಿಂಗ್ ರೀಲ್: ಮೊದಲು ಬ್ರೇಕ್, ಆಮೇಲೆ ಗೇರ್

ಮೀನಿನ ಗಾಳದ ಕೋಲಿಗೆ ಕೂರಿಸಿ ದಾರ ಬಿಡಲು, ಸುತ್ತಲು ಬಳಸುವ ಬೇಟ್‌ಕಾಸ್ಟಿಂಗ್ ರೀಲ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಪೆಟ್ಟಿಗೆಯ ಮೇಲಿನ ಬೇರಿಂಗ್ ಸಂಖ್ಯೆಯ ಮೇಲೆ. ಎರಡನೆಯದಾಗಿ ಗೇರ್ ಅನುಪಾತದ ಮೇಲೆ. ನಿಮ್ಮ ಎಸೆತ ಕೆಡುವುದೋ ಕೂಡುವುದೋ ತೀರ್ಮಾನವಾಗುವುದು ಮಾತ್ರ ಬ್ರೇಕಿನಿಂದ. ಅದಕ್ಕೇ ಈ ಟಿಪ್ಪಣಿಯಲ್ಲಿ ಬ್ರೇಕಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈ ರೀಲ್ ಬೆಳೆದದ್ದು ಅಮೆರಿಕದ ಬ್ಯಾಸ್ ಮೀನಿನ ಬೆನ್ನು ಹತ್ತಿ. 19ನೇ ಶತಮಾನದ ಆರಂಭದಲ್ಲಿ ಕೆಂಟಕಿಯ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್, ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ (ದಾರ ಸುತ್ತಿರುವ ಉರುಳೆ) ಹಲವು ಸುತ್ತು ತಿರುಗುವಂಥ ರೀಲ್ ಮಾಡಿದ. ದೊಡ್ಡಬಾಯಿ ಬ್ಯಾಸ್‌ನ ವಿಶ್ವದಾಖಲೆ ಇಬ್ಬರ ಹೆಸರಿನಲ್ಲಿದೆ: 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ. ಎರಡೂ ಮೀನು ಹತ್ತು ಕಿಲೋಗಿಂತ ತುಸು ಹೆಚ್ಚು ತೂಗಿದವು. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಲ್ಲಿ ಹುಡುಕಿದರೆ ಬ್ಯಾಸ್ ಸಿಗುವುದಿಲ್ಲ. ಆ ಕೆಲಸವನ್ನು ಇಲ್ಲಿ ಕೊರವ ಮೀನು ಮಾಡುತ್ತದೆ. ಅದೂ ಜೊಂಡಿನ ಮರೆಯಲ್ಲಿ ಹೊಂಚು ಹಾಕುತ್ತದೆ, ನೀರಿನ ಮೇಲೆ ಕುಪ್ಪಳಿಸುವ ರಬ್ಬರ್ ಕಪ್ಪೆಯ ಮೇಲೆ ಎರಗುತ್ತದೆ. ಹೀಗಾಗಿ ಬ್ಯಾಸ್‌ಗೆಂದು ಬರೆದ ಪಾಠ ಬಹುಮಟ್ಟಿಗೆ ನಮ್ಮ ಕೆರೆಗೂ ಹೊಂದುತ್ತದೆ. ಹಲವು ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗಾಳ ಹಾಕುವ ಮುನ್ನ ಗುತ್ತಿಗೆದಾರರನ್ನು ಕೇಳಿಕೊಳ್ಳಿ.

ದಾರ ಸಿಕ್ಕಾಗುವುದು ಏಕೆ?

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ಅಲುಗಾಡುವುದಿಲ್ಲ, ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ಗಿರಗಿರನೆ ತಿರುಗಿ ದಾರ ಬಿಡಬೇಕು. ದಾರದ ತುದಿಗೆ ಕಟ್ಟಿದ ಎರೆ ಹಾರುವಾಗ ಗಾಳಿಗೆ ಸಿಕ್ಕಿ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಎರೆಗೆ ಬೇಕಾದದ್ದಕ್ಕಿಂತ ಹೆಚ್ಚು ದಾರ ಹೊರಬಂದು ರೀಲಿನೊಳಗೇ ಗಂಟಾಗುತ್ತದೆ. ಆಷಾಢದ ಗಾಳಿ ಎದುರಿಗಿರುವಾಗ ಕೆರೆ ಏರಿಯ ಮೇಲೆ ನಿಂತು ಎಸೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ತಡೆಯುವ ಬ್ರೇಕ್ ಮುಖ್ಯವಾಗಿ ಎರಡು ಬಗೆ. ಕೇಂದ್ರಾಪಗಾಮಿ ಬ್ರೇಕಿನಲ್ಲಿ ಸ್ಪೂಲಿನ ಪಕ್ಕದ ಸಣ್ಣ ಗುಂಡುಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಸುತ್ತಲಿನ ಬಳೆಗೆ ಉಜ್ಜುತ್ತವೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಆದ್ದರಿಂದ ಎಸೆತದ ಆರಂಭದಲ್ಲಿ ಗಟ್ಟಿ ಹಿಡಿತ, ಕೊನೆಯಲ್ಲಿ ಬಹುತೇಕ ಬಿಡುಗಡೆ. ಎರೆ ದೂರ ಹೋಗುತ್ತದೆ. ಆದರೆ ಕೊನೆಯ ಹಂತದಲ್ಲಿ ಸ್ಪೂಲನ್ನು ಒತ್ತಿ ತಡೆಯುವುದು ನಿಮ್ಮ ಹೆಬ್ಬೆರಳಿನ ಪಾಲಿಗೆ. ಹಲವು ರೀಲ್‌ಗಳಲ್ಲಿ ಗುಂಡುಗಳನ್ನು ಹೊಂದಿಸಲು ಪಕ್ಕದ ಮುಚ್ಚಳ ತೆಗೆಯಬೇಕು.

ಎರಡನೆಯದು ಅಯಸ್ಕಾಂತದ ಬ್ರೇಕ್. ಅಲ್ಯೂಮಿನಿಯಂ ಸ್ಪೂಲಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ಆದರೆ ಅದರ ಹತ್ತಿರ ಲೋಹ ತಿರುಗಿದಾಗ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ ಚಲನೆಗೆ ಅಡ್ಡಿಯಾಗುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ಓದಿ ಮರೆತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಬಲ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ಎಸೆತದ ಕೊನೆಯವರೆಗೂ ಸ್ವಲ್ಪ ಹಿಡಿತ ಉಳಿಯುತ್ತದೆ. ಹೊರಗಿನ ತಿರುಗಣೆಯಿಂದ ಅಯಸ್ಕಾಂತವನ್ನು ಹತ್ತಿರ ತರಬಹುದು, ದೂರ ಸರಿಸಬಹುದು. ಹೊಸಬರಿಗೆ ನನ್ನ ಮತ ಇದಕ್ಕೇ: ಗಾಳಿ ದಿಕ್ಕು ಬದಲಾದಾಗಲೆಲ್ಲ ಮುಚ್ಚಳ ಬಿಚ್ಚಿ ಕೂರುವ ತಾಳ್ಮೆ ಯಾರಿಗಿದೆ? ಶಿಮಾನೋ ಕಂಪನಿಯ ಡಿಸಿ ರೀಲ್‌ಗಳಲ್ಲಿ ಸಣ್ಣ ಎಲೆಕ್ಟ್ರಾನಿಕ್ ಘಟಕವೇ ಸ್ಪೂಲಿನ ವೇಗ ನೋಡಿ ಬ್ರೇಕ್ ಹಾಕುತ್ತದೆ. ಸೊಗಸಾದ ಕೆಲಸ, ಬೆಲೆ ದುಬಾರಿ. ಕಲಿಯುವವರ ಹೆಬ್ಬೆರಳು ಸೋಮಾರಿಯಾಗುತ್ತದೆ ಎಂಬುದು ನನ್ನ ತಕರಾರು.

ಯಾವ ಬ್ರೇಕ್ ಇದ್ದರೂ ಸ್ಪೂಲಿನ ಬಿಗಿಯನ್ನು ಮೊದಲು ಹೊಂದಿಸಬೇಕು. ಹಿಡಿಕೆಯ ಬದಿಯ ಸಣ್ಣ ತಿರುಪು ಅದು. ಎರೆ ಕಟ್ಟಿ, ಕೋಲನ್ನು ಎತ್ತಿ ಹಿಡಿದು, ಸ್ಪೂಲ್ ಬಿಡಿಸುವ ಗುಂಡಿ ಒತ್ತಿ ಎರೆಯನ್ನು ಬಿಡಿ. ಅದು ನಿಧಾನವಾಗಿ ಇಳಿಯಬೇಕು. ನೆಲ ಮುಟ್ಟಿದ ಕ್ಷಣವೇ ಸ್ಪೂಲ್ ನಿಲ್ಲಬೇಕು. ಧಡ್ಡನೆ ಬಿದ್ದರೆ ತಿರುಪನ್ನು ಬಿಗಿ ಮಾಡಿ, ನೇತಾಡುತ್ತಾ ನಿಂತರೆ ಸಡಿಲಿಸಿ. ಎರೆಯ ತೂಕ ಬದಲಾದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು. ಅಭ್ಯಾಸಕ್ಕೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ, ಕೋಲಾರದ ಕಡೆ ಅದಕ್ಕೆ ಬರವೂ ಇಲ್ಲ. ಕೊಕ್ಕೆ ತೆಗೆದ ಎರೆ ಅಥವಾ ಹತ್ತು ಹದಿನೈದು ಗ್ರಾಂನ ಸೀಸದ ಗುಂಡು ಕಟ್ಟಿಕೊಂಡು, ದನ ಮೇಯಿಸುವವರಿಂದ ದೂರ ನಿಂತು ಎಸೆಯಿರಿ.

ಗೇರ್ ಲೆಕ್ಕ

6.3:1 ಎಂದರೆ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ 6.3 ಸುತ್ತು. ದಾರ ಎಷ್ಟು ಬರುತ್ತದೆ ಎಂಬುದು ಸ್ಪೂಲಿನ ವ್ಯಾಸದ ಮೇಲೂ ನಿಂತಿದೆ. ದಾರ ತುಂಬಿದ ಸ್ಪೂಲಿನ ವ್ಯಾಸ 34 ಮಿ.ಮೀ. ಎಂದುಕೊಳ್ಳಿ. ಸುತ್ತಳತೆ ಸುಮಾರು 107 ಮಿ.ಮೀ., ಅಂದರೆ ಹಿಡಿಕೆಯ ಒಂದು ಸುತ್ತಿಗೆ 67 ಸೆಂ.ಮೀ. ದಾರ. ಅದೇ ಸ್ಪೂಲಿನಲ್ಲಿ 5.4:1 ಆದರೆ 58 ಸೆಂ.ಮೀ., 8.1:1 ಆದರೆ 87. ಎಸೆದ ಮೇಲೆ ದಾರ ಖಾಲಿಯಾಗಿ ವ್ಯಾಸ 28 ಮಿ.ಮೀ.ಗೆ ಇಳಿದರೆ 6.3:1 ಕೂಡ 55 ಸೆಂ.ಮೀ. ಮಾತ್ರ ಎಳೆಯುತ್ತದೆ. ಅನುಪಾತ ನೋಡಿ ರೀಲ್ ಹೋಲಿಸುವುದು ಅರ್ಧ ಸತ್ಯ ಎನ್ನುವುದು ಇದಕ್ಕೇ.

ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೇಟ್ (ಮೀನಿನಾಕಾರದ ಗಟ್ಟಿ ಎರೆ) ನೀರನ್ನು ಬಲವಾಗಿ ತಳ್ಳುತ್ತದೆ, ಅದಕ್ಕೆ ಐದರ ಆಸುಪಾಸಿನ ನಿಧಾನ ಗೇರ್ ಕೈಗೆ ಸುಖ. ಜಿಗ್ (ತಲೆಗೆ ಭಾರ ಕೂರಿಸಿದ ಕೊಕ್ಕೆ), ಮೃದು ಹುಳು, ಕಪ್ಪೆ ಇವುಗಳಿಗೆ ಏಳು ಎಂಟು ಬೇಕು. ಇಲ್ಲಿ ಎರೆಯನ್ನು ಆಡಿಸುವುದು ಕೋಲು. ರೀಲಿನ ಕೆಲಸ ಸಡಿಲ ದಾರವನ್ನು ಬೇಗ ಸುತ್ತುವುದು. ಅಂತರಗಂಗೆ ತುಂಬಿದ ಕೆರೆಯಲ್ಲಿ ಕೊರವ ಕಚ್ಚಿದರೆ ಅದು ಬೇರಿನೊಳಗೆ ನುಗ್ಗುವ ಮುನ್ನ ತಲೆ ಇತ್ತ ತಿರುಗಿಸಬೇಕು. ಒಂದೇ ರೀಲ್ ಕೊಳ್ಳುವುದಾದರೆ ನಮ್ಮ ಕೆರೆಗಳಿಗೆ ಏಳರ ಸುತ್ತಿನದು ಸರಿ.

ಮೀನು ಜಗ್ಗಿದಾಗ ಎಷ್ಟು ಭಾರಕ್ಕೆ ದಾರ ಬಿಟ್ಟುಕೊಡಬೇಕು ಎಂದು ಹೊಂದಿಸುವ ಹಿಡಿತವೇ ಡ್ರ್ಯಾಗ್. ಅದರ ಸಂಖ್ಯೆಗೆ ಮರುಳಾಗಬೇಡಿ. ದಾರ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಹೊಂದಿಸುವುದು ರೂಢಿ, 5.4 ಕಿಲೋ ತಡೆಯುವ ದಾರಕ್ಕೆ ಒಂದೂವರೆ ಕಿಲೋ ಸಾಕು. ದಪ್ಪ ಹೆಣೆದ ದಾರ ಹಾಕಿ ಜೊಂಡಿನಲ್ಲಿ ಎಳೆಯುವಾಗ ಮಾತ್ರ ಪೂರ್ತಿ ಬಿಗಿ ಮಾಡುತ್ತಾರೆ. ಹೆಣೆದ ದಾರವನ್ನು ನೇರ ಸ್ಪೂಲಿಗೆ ಸುತ್ತಿದರೆ ಸುರುಳಿ ಇಡಿಯಾಗಿ ಜಾರುತ್ತದೆ. ಅಡಿಯಲ್ಲಿ ಕೆಲವು ಸುತ್ತು ನೈಲಾನ್ ದಾರ ಇರಲಿ.

ಇನ್ನು ಬೇರಿಂಗ್. ಹತ್ತು ಅಗ್ಗದ ಬೇರಿಂಗ್‌ಗಿಂತ ಸ್ಪೂಲನ್ನು ಹೊತ್ತ ಎರಡು ಒಳ್ಳೆಯವು ಮೇಲು. ಏಳು ಗ್ರಾಂಗಿಂತ ಹಗುರವಾದ ಎರೆ ಎಸೆಯುವುದಾದರೆ ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲನ್ನು ಬದಿಗಿಟ್ಟು ಸ್ಪಿನ್ನಿಂಗ್ ರೀಲ್ ಹಿಡಿಯಿರಿ: ಅಷ್ಟು ಹಗುರ ಎರೆಗೆ ಸ್ಪೂಲನ್ನು ಚೆನ್ನಾಗಿ ತಿರುಗಿಸುವ ಶಕ್ತಿ ಇರುವುದಿಲ್ಲ. ಹಿಡಿಕೆ ಎಡಕ್ಕೋ ಬಲಕ್ಕೋ ಎಂಬುದನ್ನು ಅಂಗಡಿಯಲ್ಲೇ ಕೋಲಿಗೆ ಸಿಕ್ಕಿಸಿ ನೋಡಿ ನಿರ್ಧರಿಸಿ, ಏಕೆಂದರೆ ಸ್ಪಿನ್ನಿಂಗ್ ರೀಲಿನಂತೆ ಇದರ ಹಿಡಿಕೆಯನ್ನು ಆಮೇಲೆ ಆ ಬದಿಯಿಂದ ಈ ಬದಿಗೆ ಬದಲಿಸಲು ಬರುವುದಿಲ್ಲ.